ಕಬ್ಬಿನ ನಾಡಿನ ಮದ್ಯಸಾರ: ಔಷಧದ ಗೆರೆ ಎಲ್ಲಿದೆ?

ಔಷಧ ಅಂಗಡಿಯಿಂದ ತಂದ ಸಿರಪ್ಪಿನ ಬಾಟಲಿಯ ಮೇಲೆ 'ಆಲ್ಕೋಹಾಲ್' ಎಂಬ ಪದ ಕಂಡೊಡನೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಪ್ರತಿಕ್ರಿಯೆ ವ್ಯಕ್ತವಾಗುತ್ತದೆ. ಕೆಲವರು ವೈದ್ಯರನ್ನೂ ಕೇಳದೆ ಔಷಧವನ್ನೇ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು 'ಔಷಧ ತಾನೇ' ಎಂದು, ಶಕ್ತಿ ಬರುತ್ತದೆಂಬ ನಂಬಿಕೆಯಿಂದ ತಿಂಗಳುಗಟ್ಟಲೆ ಟಾನಿಕ್ ಕುಡಿಯುತ್ತಾರೆ. ಮೊದಲನೆಯದು ಧರ್ಮನಿಷ್ಠೆಯಂತೆ ಕಾಣುತ್ತದೆ, ಎರಡನೆಯದು ಆರೋಗ್ಯದ ಕಾಳಜಿಯಂತೆ ಕಾಣುತ್ತದೆ. ಆದರೆ ಎರಡರ ಮೂಲವೂ ತಿಳುವಳಿಕೆಯ ಕೊರತೆಯೇ ಆಗಿದೆ.

ಮದ್ಯಸಾರವೆಂದರೇನೆಂದು ತಿಳಿಯಲು ಮಂಡ್ಯ, ಮದ್ದೂರು, ಮಳವಳ್ಳಿಯ ಜನರು ದೂರ ಹೋಗಬೇಕಾಗಿಲ್ಲ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಈ ಸೀಮೆ ಕಬ್ಬಿನ ನಾಡಾಯಿತು. ಸರ್ ಮಿರ್ಜಾ ಇಸ್ಮಾಯಿಲ್‌ರು ದಿವಾನರಾಗಿದ್ದ ಕಾಲದಲ್ಲಿ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಮದ್ದೂರು ತಾಲೂಕಿನ ಕೆ.ಎಂ. ದೊಡ್ಡಿ ಮತ್ತು ಕೊಪ್ಪದಲ್ಲೂ ಕಾರ್ಖಾನೆಗಳು ಬಂದವು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಗೆ ನೀರು, ಯೀಸ್ಟ್ ಸೇರಿಸಿ ಹುಳಿಯಲು ಬಿಟ್ಟರೆ ಅದರಲ್ಲಿನ ಸಕ್ಕರೆಯು ಎಥನಾಲ್ ಆಗಿ ಮಾರ್ಪಡುತ್ತದೆ. ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಈ ದ್ರವವನ್ನು ಬಟ್ಟಿ ಇಳಿಸಿ ಬೇರ್ಪಡಿಸುತ್ತಾರೆ. ಹೀಗೆ ದೊರೆತ ದ್ರವವೇ ಪೆಟ್ರೋಲಿಗೂ ಸೇರುತ್ತದೆ, ಔಷಧ ತಯಾರಿಕೆಗೂ ಹೋಗುತ್ತದೆ, ಮದ್ಯದಂಗಡಿಗೂ ಹೋಗುತ್ತದೆ. ವಸ್ತು ಒಂದೇ, ಅದರ ಪ್ರಯೋಜನವಾಗಲಿ ವಿನಾಶವಾಗಲಿ ಬಳಸುವ ಉದ್ದೇಶವನ್ನೂ ಪ್ರಮಾಣವನ್ನೂ ಅವಲಂಬಿಸಿದೆ.

ಔಷಧಕ್ಕೆ ಇದು ಏಕೆ ಬೇಕು? ಗಿಡಮೂಲಿಕೆಗಳ ಬೇರು, ತೊಗಟೆ, ಎಲೆಗಳಲ್ಲಿರುವ ಎಷ್ಟೋ ಸತ್ವಗಳು ಬರಿಯ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ರಾಳ, ಸುಗಂಧ ತೈಲ ಮತ್ತು ಅನೇಕ ಕ್ಷಾರೀಯ ಸತ್ವಗಳನ್ನು ಎಥನಾಲ್ ಮತ್ತು ನೀರಿನ ಮಿಶ್ರಣ ಹೊರತೆಗೆಯುತ್ತದೆ. ಸತ್ವ ಕೆಡದಂತೆಯೂ ಅದು ಕಾಪಾಡುತ್ತದೆ. ಹಲವು ಮಾತ್ರೆಗಳಿಗೆ ಬಳಸುವ ಒಣ ಸತ್ವವನ್ನು ತಯಾರಿಸುವಾಗ ಈ ದ್ರಾವಕವನ್ನು ಆವಿಯಾಗಿಸಿ ತೆಗೆದುಬಿಡುತ್ತಾರೆ. ಟಿಂಕ್ಚರ್ ಮತ್ತು ಕೆಲವು ಸಿರಪ್ಪುಗಳಲ್ಲಿ ಮಾತ್ರ ಅದು ಉಳಿದಿರುತ್ತದೆ.

ಹಾಗಾದರೆ ಧರ್ಮದ ತೀರ್ಪೇನು? ಅಮಲೇರಿಸುವ ಪಾನೀಯದ ನಿಷೇಧದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಔಷಧದಲ್ಲಿ ದ್ರಾವಕವಾಗಿ ಸೇರಿದ ಅಲ್ಪ ಮದ್ಯಸಾರದ ಪ್ರಶ್ನೆ ಬೇರೆ. 1995ರಲ್ಲಿ ಕುವೈತ್‌ನಲ್ಲಿ ಸೇರಿದ ವೈದ್ಯರು ಮತ್ತು ವಿದ್ವಾಂಸರ ಸಮ್ಮೇಳನವು, ಬದಲಿ ಔಷಧ ಲಭ್ಯವಾಗುವವರೆಗೆ ಇಂತಹವುಗಳ ಬಳಕೆಗೆ ಅನುಮತಿಯಿದೆಯೆಂದು ಅಭಿಪ್ರಾಯಪಟ್ಟಿತು. 2002ರಲ್ಲಿ ಮಕ್ಕಾದ ಫಿಕ್ಹ್ ಪರಿಷತ್ತೂ ವಿಶ್ವಾಸಾರ್ಹ ವೈದ್ಯರ ಸಲಹೆಯ ಷರತ್ತಿನೊಂದಿಗೆ ಇದೇ ನಿಲುವು ತಳೆಯಿತು. ದ್ರಾಕ್ಷಿ ಮತ್ತು ಖರ್ಜೂರದ ಮದ್ಯಕ್ಕೂ ಇತರ ಮೂಲಗಳ ಮದ್ಯಸಾರಕ್ಕೂ ಹನಫೀ ವಿದ್ವಾಂಸರಲ್ಲಿ ಅನೇಕರು ವ್ಯತ್ಯಾಸ ಮಾಡಿದ್ದಾರೆ. ನಮ್ಮ ಕಾಕಂಬಿಯ ಎಥನಾಲ್ ಎರಡನೆಯ ವರ್ಗಕ್ಕೆ ಸೇರುತ್ತದೆ. ಇದು ಅಮಲಿಗೆ ನೀಡಿದ ಪರವಾನಗಿಯಲ್ಲ, ರೋಗಿಗೆ ನೀಡಿದ ರಿಯಾಯಿತಿ. ಭಿನ್ನಾಭಿಪ್ರಾಯವುಳ್ಳವರು ತಮ್ಮ ಆಲಿಮರನ್ನು ಕೇಳಲಿ. ಆದರೆ ಉತ್ತರ ಸಿಗುವ ಮುನ್ನ ರೋಗಿಯ ಔಷಧವನ್ನು ನಿಲ್ಲಿಸದಿರಲಿ.

ರಿಯಾಯಿತಿಗೆ ಗೆರೆಯಿದೆ ಎಂಬುದನ್ನೂ ಮರೆಯಬಾರದು. ಆಸವ, ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ತಾನಾಗಿಯೇ ಹುಟ್ಟುವ ಮದ್ಯಸಾರ ಶೇ. 12ರವರೆಗೂ ಇರಬಹುದು. ಶೇ. 10 ಇರುವ ಅರಿಷ್ಟವನ್ನು 20 ಮಿ.ಲೀ. ಸೇವಿಸಿದರೆ ದೇಹಕ್ಕೆ ಸೇರುವುದು 2 ಮಿ.ಲೀ. ಶುದ್ಧ ಮದ್ಯಸಾರ. ಅದನ್ನೇ 225 ಮಿ.ಲೀ. ಕುಡಿದರೆ 22 ಮಿ.ಲೀ. ಮೀರುತ್ತದೆ. ಆಗ ಅದು ಔಷಧವಲ್ಲ, ಕುಡಿತ. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆದರೆ ಔಷಧದ ಹೆಸರಿನಲ್ಲಿ ಮನೆಯೊಳಗೆ ಬರುವ ಅಮಲನ್ನು ತಡೆಯುವವರು ಯಾರು? ಮಕ್ಕಳು, ಗರ್ಭಿಣಿಯರು, ಯಕೃತ್ತಿನ ರೋಗಿಗಳು, ನಿದ್ರೆಮಾತ್ರೆ ಸೇವಿಸುವವರು ವೈದ್ಯರಿಗೆ ಹೇಳದೆ ಇಂತಹವನ್ನು ಸೇವಿಸುವುದು ಅಪಾಯಕರ.

ಇನ್ನೊಂದು ಭ್ರಮೆಯೂ ಬೇಡ. ಮದ್ಯಸಾರವಿಲ್ಲದ ಔಷಧವೆಲ್ಲವೂ ಸುರಕ್ಷಿತವೆಂದು ಭಾವಿಸುವವರಿದ್ದಾರೆ. 1937ರಲ್ಲಿ ಅಮೆರಿಕದಲ್ಲಿ 'ಎಲಿಕ್ಸಿರ್' ಎಂಬ ಹೆಸರಿನಲ್ಲಿ ಮಾರಾಟವಾದ ಒಂದು ಸಲ್ಫಾ ಔಷಧದಲ್ಲಿ ಮದ್ಯಸಾರವಿರಲಿಲ್ಲ. ಅದರ ಬದಲು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರಾವಕವಿತ್ತು. ನೂರಕ್ಕೂ ಹೆಚ್ಚು ಜನರು, ಅವರಲ್ಲಿ ಅನೇಕ ಮಕ್ಕಳು, ಸಾವಿಗೀಡಾದರು. ಅದೇ ವಿಷ ಬೆರೆತ ಕೆಮ್ಮಿನ ಸಿರಪ್ಪಿನಿಂದ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಪುಟ್ಟ ಮಕ್ಕಳು ಮೃತಪಟ್ಟರು. ಆದ್ದರಿಂದ 'ಮದ್ಯಸಾರ ಇದೆಯೇ?' ಎಂದು ಕೇಳಿದರೆ ಸಾಲದು. 'ಏನೇನಿದೆ, ಯಾರು ತಯಾರಿಸಿದ್ದು, ಈ ಮಗುವಿಗೆ ಇದು ನಿಜವಾಗಿಯೂ ಬೇಕೇ?' ಎಂದೂ ಕೇಳಬೇಕು.

ಕೇಳಬೇಕಾದರೆ ಓದಲು ಬರಬೇಕು. ದ್ರವ ಔಷಧದಲ್ಲಿ ಶೇ. 3 ಅಥವಾ ಅದಕ್ಕಿಂತ ಹೆಚ್ಚು ಮದ್ಯಸಾರವಿದ್ದರೆ ಅದರ ಪ್ರಮಾಣವನ್ನು ಲೇಬಲ್ಲಿನಲ್ಲಿ ನಮೂದಿಸಬೇಕೆಂದು ನಿಯಮವಿದೆ. ಆದರೆ ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂತಹ ಅಕ್ಷರಗಳಲ್ಲಿರುತ್ತದೆ. ಮಳವಳ್ಳಿಯ ಒಬ್ಬ ತಾಯಿ ಅದನ್ನು ಹೇಗೆ ಓದಬೇಕು? ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಈ ಮಾಹಿತಿಯನ್ನು ಮುದ್ರಿಸಬೇಕೆಂದು ನಾವು ಒತ್ತಾಯಿಸಬೇಕಾಗಿದೆ. ಇದು ಕೇವಲ ಮುಸ್ಲಿಮರ ಬೇಡಿಕೆಯಲ್ಲ. ಮದ್ಯ ಬಿಡಲು ಹೆಣಗುತ್ತಿರುವ ಪ್ರತಿಯೊಬ್ಬ ಕನ್ನಡಿಗನಿಗೂ ಅವನ ಮನೆಯವರಿಗೂ ಇದರ ಅಗತ್ಯವಿದೆ.

ಅಷ್ಟರವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಔಷಧ ಕೊಳ್ಳುವಾಗ ಫಾರ್ಮಸಿಸ್ಟರನ್ನು ಪ್ರಶ್ನಿಸೋಣ. ಮಾತ್ರೆಯ ರೂಪದಲ್ಲಿ ಬದಲಿ ಇದೆಯೇ ಎಂದು ವೈದ್ಯರಲ್ಲಿ ವಿಚಾರಿಸೋಣ. ಮೊಹಲ್ಲಾದ ಓದಿದ ಯುವಕರು ವಾರಕ್ಕೊಮ್ಮೆ ಮಸೀದಿಯ ಅಂಗಳದಲ್ಲಿ ಕುಳಿತು ಹಿರಿಯರ ಔಷಧಗಳ ಲೇಬಲ್ಲುಗಳನ್ನು ಓದಿ ಹೇಳಿದರೂ ಅದೊಂದು ಸೇವೆಯೇ. ನಿಷಿದ್ಧದಿಂದ ದೂರವಿರುವುದು ನಮ್ಮ ಹೊಣೆ, ಜೀವವನ್ನು ಉಳಿಸುವುದೂ ನಮ್ಮ ಹೊಣೆ. ತಿಳಿದು ನಡೆದರೆ ಇವೆರಡರ ಮಧ್ಯೆ ಘರ್ಷಣೆಯಿಲ್ಲ.