ತಾಯಿಯ ಥೈರಾಯ್ಡ್ ಮಗಳಿಗೂ ಬರುವುದೇ?

ಲಕ್ಷ್ಮೀಪುರಂನ ತಾಯಿಯೊಬ್ಬರ ಪ್ರಶ್ನೆ: “ನನಗೆ ಹಾಶಿಮೊಟೊ ಥೈರಾಯ್ಡ್ ರೋಗವಿದೆ. ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಗಂಡಿನ ಕಡೆಯವರಿಗೆ ಇದನ್ನು ತಿಳಿಸದೆ ಇರುವುದು ಲೇಸೆ?”

ತಾಯೀ, ಮುಚ್ಚಿಡಬೇಕಾದುದೇನೂ ಇಲ್ಲ. ಇದು ಅಂಟುರೋಗವಲ್ಲ, ಕಳಂಕವೂ ಅಲ್ಲ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಪರಕೀಯವೆಂದು ಬಗೆದು ಹಾನಿಗೊಳಿಸುತ್ತದೆ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು.

ರೋಗಕ್ಕೆ ವಂಶದ ನಂಟಿರುವುದು ನಿಜ. ಡೆನ್ಮಾರ್ಕಿನ ಅವಳಿಗಳನ್ನು ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದಾಗ ಇನ್ನೊಬ್ಬರಿಗೂ ಇದ್ದುದು ಸುಮಾರು ಶೇ. 55ರಷ್ಟು ಜೋಡಿಗಳಲ್ಲಿ. ಒಂದೇ ವಂಶವಾಹಿಗಳಿದ್ದೂ ಉಳಿದ ಜೋಡಿಗಳಲ್ಲಿ ಇನ್ನೊಬ್ಬರಿಗೆ ರೋಗವಿರಲಿಲ್ಲ! ಆದ್ದರಿಂದ ಮಕ್ಕಳಿಗೆ ಬರುವುದು ರೋಗವಲ್ಲ, ರೋಗಕ್ಕೆ ಈಡಾಗುವ ಒಲವು ಮಾತ್ರ. ಅದು ಹಲವು ವಂಶವಾಹಿಗಳಿಂದ ಕೂಡಿ ಬರುವಂಥದು; ತಂದೆಯ ಕಡೆಯಿಂದಲೂ ಬರಬಹುದು. ತಾಯಿಯೊಬ್ಬಳನ್ನೇ ದೂರುವುದು ನ್ಯಾಯವಲ್ಲ.

ಮಗಳಿಗೆ ಅತಿಯಾದ ದಣಿವು, ತೂಕದ ಹೆಚ್ಚಳ, ಮುಟ್ಟಿನ ಏರುಪೇರು ಕಂಡರೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿರಿ. ಲಕ್ಷಣಗಳಿಲ್ಲದಿದ್ದರೂ ಬಸಿರಿಗೆ ಮೊದಲೊಮ್ಮೆ ಮಾಡಿಸುವುದು ಒಳ್ಳೆಯದು. ಕೊರತೆಯಿದ್ದರೆ ವೈದ್ಯರು ಸೂಚಿಸಿದ ಥೈರಾಕ್ಸಿನ್ ಮಾತ್ರೆಯನ್ನು ಮುಂಜಾನೆ ಬರಿಹೊಟ್ಟೆಯಲ್ಲಿ, ಕಾಫಿಗೆ ಮುಂಚೆಯೇ ತೆಗೆದುಕೊಳ್ಳಬೇಕು. ಬಸಿರಾದಾಗ ಅದನ್ನು ನಿಲ್ಲಿಸಕೂಡದು. ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ.

ಇಂದು ವಿಷಯವನ್ನು ಮುಚ್ಚಿಟ್ಟರೆ, ನಾಳೆ ಮಗಳು ಮಾತ್ರೆಯನ್ನೂ ಮುಚ್ಚಿಟ್ಟು ನುಂಗಬೇಕಾದೀತು. ಅದು ತಪ್ಪಿದರೆ ನಷ್ಟ ಹುಟ್ಟುವ ಕೂಸಿಗೆ. ಹೇಳಿಯೇ ಸಂಬಂಧ ಬೆಳೆಸಿರಿ.