ಚಾ ನಮ್ಮದು, ವೋಟು ಊರಿನದ್ದು

2026ರ ಜನವರಿ 15ರಂದು ಮುಂಬಯಿ ಮಹಾನಗರಪಾಲಿಕೆಯ ಚುನಾವಣೆ ಮುಗಿಯಿತು. ಅದರ ಹಿಂದಿನದ್ದು ನಡೆದದ್ದು 2017ರ ಫೆಬ್ರವರಿಯಲ್ಲಿ. ಆ ಸಭೆಯ ಅವಧಿ 2022ರ ಮಾರ್ಚ್ 7ಕ್ಕೆ ತೀರಿದ ಮೇಲೆ, ವಾರ್ಡುಗಳ ಸಂಖ್ಯೆ, ಹಿಂದುಳಿದ ವರ್ಗಗಳ ಮೀಸಲಾತಿ ಎಂದು ಕೋರ್ಟು ಕಚೇರಿಯಲ್ಲಿ ತಕರಾರು ನಡೆದು, ಸುಮಾರು ನಾಲ್ಕು ವರ್ಷ ಈ ಶಹರಕ್ಕೆ ನಗರಸೇವಕರೇ ಇರಲಿಲ್ಲ. ಆಯುಕ್ತರೇ ಪ್ರಶಾಸಕರಾಗಿ ಎಲ್ಲವನ್ನೂ ನೋಡಿಕೊಂಡರು.

ನಗರಸೇವಕನೆಂದರೆ ಗಣಪತಿಗೆ, ನವರಾತ್ರಿಗೆ ವರ್ಗಣಿ ಕೇಳಲು ಬರುವವನು ಎಂದು ನಾವು ಹೋಟೆಲಿನವರು ತಮಾಷೆ ಮಾಡುವುದುಂಟು. ಇಲ್ಲದಾಗ ಅವನ ಬೆಲೆ ತಿಳಿಯಿತು. ನಮ್ಮ ಹೋಟೆಲಿನ ಎದುರು ಗಟಾರದ ಮುಚ್ಚಳ ಮುರಿದು ಎರಡು ಮಳೆಗಾಲ ಹಾಗೆಯೇ ಇತ್ತು. ಅರ್ಜಿ ಕೊಟ್ಟೆವು, ನಂಬರು ಸಿಕ್ಕಿತು, ಮುಚ್ಚಳ ಸಿಗಲಿಲ್ಲ. ಇದು ಸಣ್ಣ ವಿಷಯ ಬಿಡಿ. 2025ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು ಕಟ್ಟಿಗೆ, ಇದ್ದಿಲು ಬಳಸುವ ಬೇಕರಿ ಮತ್ತು ತಂದೂರುಗಳನ್ನು ಆರು ತಿಂಗಳಲ್ಲಿ ಗ್ಯಾಸಿಗೋ ಕರೆಂಟಿಗೋ ಬದಲಾಯಿಸಬೇಕೆಂದಿತು. ಪಾಲಿಕೆಯಿಂದ ನೋಟೀಸು ಬಂತು, ಜುಲೈ 8ರ ಗಡುವು ಬಂತು. ಹೊಗೆ ಕಡಿಮೆಯಾಗಬೇಕು ಎಂಬುದಕ್ಕೆ ನಮ್ಮ ತಕರಾರಿಲ್ಲ, ಅದನ್ನು ನುಂಗುವವರು ಮೊದಲು ನಮ್ಮ ಭಟ್ಟರೇ. ಆದರೆ ಸಣ್ಣ ಹೋಟೆಲಿನವನಿಗೆ ಹೊಸ ಭಟ್ಟಿಯ ಖರ್ಚೆಷ್ಟು, ಪೈಪ್ ಗ್ಯಾಸ್ ಇಲ್ಲದ ಗಲ್ಲಿಯವನು ಏನು ಮಾಡಬೇಕು ಎಂದು ಪಾಲಿಕೆಯ ಸಭೆಯಲ್ಲಿ ಎದ್ದುನಿಂತು ಕೇಳಲು 227 ಕುರ್ಚಿಗಳಲ್ಲಿ ಒಬ್ಬರೂ ಇರಲಿಲ್ಲ.

ಈಗ ಅಸಲು ಮಾತಿಗೆ ಬರುತ್ತೇವೆ. 2017ರಲ್ಲಿ ಗೆದ್ದಿದ್ದ ನಮ್ಮ ವಾರ್ಡಿನ ನಗರಸೇವಕರು ಈ ಸಲ ಪುನಃ ನಿಂತರು. ನಿಲ್ಲಲು ಸಿಕ್ಕಿದ್ದೇ ಅವರ ಅದೃಷ್ಟ. ಯಾವ ವಾರ್ಡು ಯಾರಿಗೆ ಮೀಸಲು ಎಂದು ಚೀಟಿ ಎತ್ತುವುದರಿಂದ ಐದು ವರ್ಷ ದುಡಿದವನಿಗೆ ಅದೇ ವಾರ್ಡು ಸಿಗುತ್ತದೆಂಬ ಭರವಸೆ ಇಲ್ಲ. 227ರಲ್ಲಿ 114 ಮಹಿಳೆಯರಿಗೆ. ಅದು ಸರಿಯೇ, ಆದರೆ ಗಂಡನ ಬದಲು ಹೆಂಡತಿಯ ಫೋಟೋ ಹಾಕಿ, ಕೆಳಗೆ ಗಂಡನದ್ದನ್ನು ಅದಕ್ಕಿಂತ ದೊಡ್ಡದಾಗಿ ಹಾಕುವುದನ್ನೂ ನೋಡಿದ್ದೇವೆ.

ಇವರು ಕೆಲಸದ ಮನುಷ್ಯ. ನೀರಿನ ಒತ್ತಡ ಕಡಿಮೆಯಾದಾಗ ಬೆಳಿಗ್ಗೆ ಆರಕ್ಕೆ ಬಂದು ಪೈಪಿನ ಬದಿಯಲ್ಲಿ ನಿಂತವರು. ಕೊರೋನಾ ಕಾಲದಲ್ಲಿ ಊರಿಗೆ ಹೋಗಲಾರದೆ ಉಳಿದ ನಮ್ಮ ಹುಡುಗರಿಗೆ ಅಕ್ಕಿ, ಬೇಳೆ ಕಳಿಸಿದವರು. ಡಿಸೆಂಬರಿನಲ್ಲಿ ಹೋಟೆಲಿಗೆ ಬಂದು, ಚಾ ಕುಡಿದು, ಮರಾಠಿಯಲ್ಲಿ ಕೇಳಿದರು: "ಶೇಠ್, ಇಲ್ಲಿ ನಿಮ್ಮವರ ವೋಟು ಎಷ್ಟು?"

ಹೋಟೆಲು, ಮನೆ ಸೇರಿಸಿ ಲೆಕ್ಕ ಹಾಕಿದೆವು. ಮೂವತ್ತನಾಲ್ಕು ಜನ, ವೋಟು ಮೂರು. ನಾವು, ನಮ್ಮ ಮನೆಯವರು, ಮ್ಯಾನೇಜರ್. ಭಟ್ಟರ ಹೆಸರು ಬೈಂದೂರಿನ ಕಡೆ, ಇಬ್ಬರು ಸಪ್ಲೈಯರ್‌ಗಳದ್ದು ಕಾರ್ಕಳ, ಉಳಿದವರದ್ದು ಉತ್ತರ ಪ್ರದೇಶ, ಒರಿಸ್ಸಾ. ನಾಲ್ವರು ನೇಪಾಳದವರು, ಅವರ ಪ್ರಶ್ನೆಯೇ ಇಲ್ಲ. ನಗರಸೇವಕರು ನಕ್ಕು, "ಹಾಗಾದರೆ ಚಾ ಮಾತ್ರ ನಿಮ್ಮದು" ಎಂದರು. ನಮಗೆ ನಗು ಬರಲಿಲ್ಲ.

ಅವರು ಕೆಲವೇ ನೂರು ಮತಗಳಲ್ಲಿ ಸೋತರು. ನಮ್ಮ ಹೋಟೆಲಿನ ವೋಟಿನಿಂದ ಗೆದ್ದುಬಿಡುತ್ತಿದ್ದರು ಎಂದು ನಾವು ಹೇಳುವುದಿಲ್ಲ. ಆದರೆ ಆ ರಸ್ತೆಯಲ್ಲಿ ನಮ್ಮವರ ಹೋಟೆಲು ಏಳೆಂಟಿವೆ, ಎಲ್ಲ ಕಡೆಯೂ ಇದೇ ಲೆಕ್ಕ. ಬೇಕಾದಾಗ ಅವರ ಆಫೀಸಿಗೆ ಹೋದೆವು. ಅವರಿಗೆ ಬೇಕಾದಾಗ ಪಟ್ಟಿಯಲ್ಲಿ ನಾವಿರಲಿಲ್ಲ.

ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ 1961ರಲ್ಲಿ ಈ ಪಾಲಿಕೆಗೇ ಆರಿಸಿ ಬಂದವರು. ಹೋಟೆಲ್ ಕಾರ್ಮಿಕರನ್ನು ಸಂಘಟಿಸಿ ನಮ್ಮ ಹಿರಿಯ ಮಾಲೀಕರ ನಿದ್ದೆ ಕೆಡಿಸಿದವರೂ ಅವರೇ, ಅದು ಬೇರೆ ವಿಷಯ. ಗೋಪಾಲ ಶೆಟ್ಟಿಯವರು ನಗರಸೇವಕರಾಗಿ ಶುರು ಮಾಡಿ ಉಪಮೇಯರ್, ಶಾಸಕ, ಸಂಸದ ಎಂದು ಮೇಲೇರಿದರು. ನಮ್ಮವರು ಗೆಲ್ಲುವುದಿಲ್ಲ ಎಂಬ ಮಾತು ಸುಳ್ಳು. ಒಮ್ಮೆ ಗೆಲ್ಲುವುದಕ್ಕೆ ಪಕ್ಷದ ಗಾಳಿ ಸಾಕಾದೀತು. ಪುನಃ ಗೆಲ್ಲಬೇಕಾದರೆ ಗಲ್ಲಿಯ ವೋಟೇ ಬೇಕು.

ವೋಟು ಊರಿನಲ್ಲಿ ಯಾಕಿದೆ ಎಂದು ನಮಗೆ ಗೊತ್ತಿದೆ. 2014ರ ತನಕ ನಮ್ಮ ಹೆಸರೂ ಅಲ್ಲೇ ಇತ್ತು. ಪಂಚಾಯತು ಚುನಾವಣೆಗೆ ರಾತ್ರಿ ಬಸ್ಸು ಹತ್ತಿ ಹೋಗುವುದೆಂದರೆ ಒಂದು ಹಬ್ಬ. ಹೆಸರು ತೆಗೆಸುತ್ತೇವೆ ಎಂದಾಗ ಅಮ್ಮ, "ಮನೆಯ ಪಟ್ಟಿಯಲ್ಲಿ ಇನ್ನು ನಾನೊಬ್ಬಳೇಯಾ?" ಎಂದು ಕೇಳಿದರು. ಉತ್ತರ ಕೊಡಲಾಗಲಿಲ್ಲ. ಆದರೆ ಎರಡು ಕಡೆ ಹೆಸರಿಡಲು ಕಾನೂನು ಬಿಡುವುದಿಲ್ಲ. ವರ್ಷಕ್ಕೆ ಇಪ್ಪತ್ತು ದಿನ ಇರುವ ಊರೋ, ಉಳಿದ ದಿನವೆಲ್ಲ ನೀರು, ಗಟಾರ, ಕಸ, ಲೈಸೆನ್ಸು ಎಂದು ಓಡಾಡುವ ಈ ಊರೋ, ಒಂದನ್ನು ಆರಿಸಲೇಬೇಕು.

ತಪ್ಪು ಹುಡುಗರದ್ದು ಮಾತ್ರವಲ್ಲ, ನಮ್ಮದೂ ಇದೆ. ಹುಡುಗ ಹೆಸರು ಸೇರಿಸಲು ವಿಳಾಸದ ಪುರಾವೆ ಕೇಳಿದರೆ ನಾವು ಕೊಡುವುದಿಲ್ಲ. ನಮ್ಮ ರೂಮಿನ ವಿಳಾಸದಲ್ಲಿ ಕಾರ್ಡು ಮಾಡಿಸಿಕೊಂಡರೆ ನಾಳೆ ಜಾಗದ ಮೇಲೆ ಹಕ್ಕು ಕೇಳಿಯಾನು ಎಂಬ ಹೆದರಿಕೆ. ಮತದಾರರ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಾಗದ ಒಡೆತನ ಬರುವುದಿಲ್ಲ. ಹತ್ತು ವರ್ಷ ನಮ್ಮ ಗಲ್ಲಾದ ಕೀಲಿ ನಂಬಿ ಕೊಟ್ಟ ಹುಡುಗನಿಗೆ ಒಂದು ಪತ್ರ ಕೊಡಲು ಹಿಂದೆ ಮುಂದೆ ನೋಡುವುದು ಸರಿಯೇ?

ಚುನಾವಣೆ ಘೋಷಣೆಯಾದ ಮೇಲೆ ಓಡಿದರೆ ಆಗುವುದಿಲ್ಲ. ಈ ಸಲ ಬಳಸಿದ್ದು 2025ರ ಜುಲೈ 1ರ ಪಟ್ಟಿ. ಡಿಸೆಂಬರಿನಲ್ಲಿ ಅರ್ಜಿ ಹಿಡಿದು ಹೊರಟವರು ಸುಮ್ಮನೆ ಹಿಂತಿರುಗಿದರು. ಮೊದಲ ಸಲ ಹೆಸರು ಸೇರಿಸುವವರಿಗೆ ಫಾರ್ಮ್ 6, ಬೇರೆ ಊರಿನಿಂದ ಬದಲಾಯಿಸುವವರಿಗೆ ಫಾರ್ಮ್ 8. ಮೊಬೈಲಿನಲ್ಲೇ ತುಂಬಿಸಬಹುದು, ಆಮೇಲೆ ಅವರ ಜನ ವಿಚಾರಣೆಗೆ ಬರುತ್ತಾರೆ. ಆ ಹೊತ್ತಿಗೆ ಹುಡುಗ ರೂಮಿನಲ್ಲಿರುವಂತೆ ರಜೆ ಕೊಡಬೇಕಾದವರು ನಾವು.

ಫೆಬ್ರವರಿಯಲ್ಲಿ ನಮ್ಮ ಹೋಟೆಲಿನ ಒಂಬತ್ತು ಜನರ ಫಾರ್ಮು ತುಂಬಿಸಿದೆವು. ಭಟ್ಟರು ಮಾತ್ರ ಒಪ್ಪಲಿಲ್ಲ. ತಮ್ಮ ವೋಟು ಬೈಂದೂರಿನಲ್ಲೇ ಇರಲಿ ಎಂದರು, ಒತ್ತಾಯ ಮಾಡಲಿಲ್ಲ. ಸೋತ ನಗರಸೇವಕರು ಈಗಲೂ ಬೆಳಿಗ್ಗೆ ಚಾಕ್ಕೆ ಬರುತ್ತಾರೆ. ಗಟಾರಕ್ಕೆ ಹೊಸ ಮುಚ್ಚಳ ಬಂದಿದೆ, ಗೆದ್ದವರು ಹಾಕಿಸಿದ್ದು. ಅವರಿಗೂ ಚಾ ಕೊಟ್ಟೆವು.