ದಿವಾಳಿ ಅರ್ಜಿಯೂ ಮನೆಖರ್ಚಿನ ಖಾತೆಯೂ

ವರ್ತಕನೊಬ್ಬನು ಸಾಲ ತೀರಿಸಲಾರದೆ ಕೈಚೆಲ್ಲಿದಾಗ ‘ಪಾಪರ್ ಎದ್ದ’ ಎನ್ನುವ ಮಾತು ಸಕಲೇಶಪುರ, ಬಾಳ್ಳುಪೇಟೆ, ಆಲೂರಿನ ಅಂಗಡಿ ಜಗಲಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದರಲ್ಲಿ ಅರ್ಧ ಕನಿಕರವಿದ್ದರೆ ಅರ್ಧ ಸಂಶಯ. ‘ಪಾಪರ್ ಚೀಟಿ’ ಪಡೆದವನು ಊರಿಗೆಲ್ಲ ಪಂಗನಾಮ ಹಾಕಿ ನಿಶ್ಚಿಂತನಾದನೆಂಬುದು ಜನರ ನಂಬಿಕೆ. ಈ ನಂಬಿಕೆ ತಪ್ಪು ಮಾತ್ರವಲ್ಲ, ಅಪಾಯಕರವೂ ಹೌದು. ಇದಕ್ಕೆ ಅಂಜಿದ ವರ್ತಕನು ನ್ಯಾಯಾಲಯದ ಕಡೆ ಮುಖ ಮಾಡದೆ, ಕೈಯಲ್ಲಿ ಉಳಿದ ಅಲ್ಪಸ್ವಲ್ಪವನ್ನು ಸಲ್ಲದ ರೀತಿಯಲ್ಲಿ ಹಂಚಿ, ಕೊನೆಗೆ ಮಕ್ಕಳ ಶಾಲಾ ಶುಲ್ಕಕ್ಕೂ ವಿದ್ಯುತ್ ಬಿಲ್ಲಿಗೂ ಹಣವಿಲ್ಲದ ಸ್ಥಿತಿಗೆ ಬರುತ್ತಾನೆ.

ಮೊದಲಿಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. 2016ರ ಇನ್ಸಾಲ್ವೆನ್ಸಿ ಅಂಡ್ ಬ್ಯಾಂಕ್ರಪ್ಟ್ಸಿ ಕೋಡ್ ಬಂದ ಮೇಲೆ ಹಳೆಯದೆಲ್ಲ ರದ್ದಾಯಿತೆಂದು ಹಲವರು ಭಾವಿಸಿದ್ದಾರೆ. ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಸಂಬಂಧಿಸಿದ ಅದರ ಮೂರನೆಯ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಸ್ವಂತ ಹೆಸರಿನಲ್ಲಿ ವ್ಯಾಪಾರ ನಡೆಸುವ ಮೆಣಸಿನ ವ್ಯಾಪಾರಿಗೆ, ಹಿಟ್ಟಿನ ಗಿರಣಿಯ ಮಾಲೀಕನಿಗೆ, ಗೊಬ್ಬರದಂಗಡಿಯವನಿಗೆ ಇರುವ ದಾರಿ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ. ಐದುನೂರು ರೂಪಾಯಿ ಸಾಲವಿದ್ದರೆ ಋಣಿಯೇ ಅರ್ಜಿ ಸಲ್ಲಿಸಬಹುದೆಂದು ಅದರ ಕಲಂ 10 ಹೇಳುತ್ತದೆ. ಐದುನೂರು ರೂಪಾಯಿಗೆ ಇಂದು ಒಂದು ಚೀಲ ಗೊಬ್ಬರವೂ ಕಷ್ಟವೆಂಬುದು ಬೇರೆ ಮಾತು.

ಈ ಗುಡ್ಡಗಾಡಿನಲ್ಲಿ ವರ್ತಕನು ಮುಳುಗುವ ಬಗೆಯೂ ಬಯಲುಸೀಮೆಯದಕ್ಕಿಂತ ಭಿನ್ನ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆಗಾರನಿಗೆ ಹಣ ಕಂತುಕಂತಾಗಿ ಬರುತ್ತಿತ್ತು. ಬೆಲೆಯ ಏರಿಳಿತದ ಭಾರವನ್ನು ಮಂಡಳಿಯೇ ಹೊರುತ್ತಿತ್ತು. 1990ರ ದಶಕದ ಮಧ್ಯಭಾಗದಲ್ಲಿ ಮುಕ್ತ ಮಾರಾಟ ಬಂದ ಮೇಲೆ ಆ ಭಾರದಲ್ಲಿ ದೊಡ್ಡ ಪಾಲು ಊರಿನ ಖರೀದಿದಾರನ ಹೆಗಲಿಗೆ ಬಿತ್ತು. ಬೆಳೆಗಾರರು ಕಾಫಿಯನ್ನು ವ್ಯಾಪಾರಿಯ ಗೋದಾಮಿಗೆ ಹಾಕಿ, ‘ಬೆಲೆ ಆಮೇಲೆ ಕತ್ತರಿಸೋಣ’ ಎಂದು ಹೇಳಿ ಹೋಗುವ ಪದ್ಧತಿ ಬೆಳೆದದ್ದೂ ಹೀಗೆಯೇ. ಇಂತಹ 300 ಚೀಲಗಳನ್ನು ಪಡೆದ ವ್ಯಾಪಾರಿಯು ಬಂಡವಾಳದ ಅಭಾವದಿಂದ ಚೀಲಕ್ಕೆ ಐದು ಸಾವಿರದಂತೆ ಮಾರಿಬಿಟ್ಟನೆಂದಿಟ್ಟುಕೊಂಡರೆ, ಬೆಳೆಗಾರರು ಬೆಲೆ ಕತ್ತರಿಸುವ ಹೊತ್ತಿಗೆ ಮಾರುಕಟ್ಟೆ ಎಂಟು ಸಾವಿರಕ್ಕೇರಿದರೆ, ಒಂದು ಕಾಳು ಕಾಫಿಯೂ ಕೆಡದೆ ಒಂಬತ್ತು ಲಕ್ಷ ರೂಪಾಯಿ ಸಾಲ ತಲೆಯ ಮೇಲೆ ಬಂದಂತೆ. ಬೆಲೆ ಕುಸಿದಾಗ ಬೆಳೆಗಾರ ಸಾಯುತ್ತಾನೆ, ಏರಿದಾಗ ವ್ಯಾಪಾರಿ ಸಾಯುತ್ತಾನೆ ಎಂಬ ಮಾತು ಉತ್ಪ್ರೇಕ್ಷೆಯೇನಲ್ಲ. 2024 ಮತ್ತು 2025ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋದದ್ದು ಎಲ್ಲರ ನೆನಪಿನಲ್ಲಿದೆ.

ಹೀಗೆ ಸಿಲುಕಿದವನ ಬ್ಯಾಂಕ್ ವ್ಯವಹಾರವನ್ನು ಗಮನಿಸಿದರೆ, ಬಹುಪಾಲು ಸಂದರ್ಭಗಳಲ್ಲಿ ಅಂಗಡಿಯ ಚಾಲ್ತಿ ಖಾತೆ, ಕ್ಯಾಷ್ ಕ್ರೆಡಿಟ್ ಸಾಲ, ಮನೆಯ ಉಳಿತಾಯ ಖಾತೆ ಮೂರೂ ಒಂದೇ ಶಾಖೆಯಲ್ಲಿರುವುದು ಕಂಡುಬರುತ್ತದೆ. ವ್ಯವಸ್ಥಾಪಕರ ಪರಿಚಯವಿದೆ, ಕೆಲಸ ಸಲೀಸು ಎಂಬುದು ಕಾರಣ. ಆದರೆ ಏಕವ್ಯಕ್ತಿ ಮಾಲೀಕತ್ವದಲ್ಲಿ ಕಾನೂನಿನ ದೃಷ್ಟಿಗೆ ಅಂಗಡಿ ಬೇರೆ, ಮಾಲೀಕ ಬೇರೆ ಅಲ್ಲ. ಬಾಕಿ ಬಿದ್ದ ಸಾಲಕ್ಕೆ ಅದೇ ವ್ಯಕ್ತಿಯ ಉಳಿತಾಯ ಖಾತೆಯಲ್ಲಿರುವ ಹಣವನ್ನು ವಜಾ ಹಾಕಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ದಿವಾಳಿ ಕಾಯಿದೆಯ ಕಲಂ 46 ಕೂಡ ಪರಸ್ಪರ ಲೆಕ್ಕಗಳ ವಜಾವನ್ನು ಒಪ್ಪುತ್ತದೆ. ತಿಂಗಳ ಮೊದಲ ವಾರ ದಿನಸಿಗೆಂದು ಇಟ್ಟ ಹಣ ಒಂದು ಬೆಳಗ್ಗೆ ಸಾಲದ ಖಾತೆಗೆ ಜಮೆಯಾಗಿರುವುದನ್ನು ಕಂಡು ಬ್ಯಾಂಕಿನವರನ್ನು ಬೈದು ಪ್ರಯೋಜನವಿಲ್ಲ. ಪತಿ ಪತ್ನಿಯರ ಜಂಟಿ ಖಾತೆಯ ವಿಷಯ ಬೇರೆ. ಒಬ್ಬನ ಸಾಲಕ್ಕೆ ಜಂಟಿ ಹಣವನ್ನು ಸಾಮಾನ್ಯವಾಗಿ ಹಾಗೆ ವಜಾ ಮಾಡಲು ಬರುವುದಿಲ್ಲ.

ಆದುದರಿಂದ ಮನೆಖರ್ಚಿಗೆ, ಯಾವುದೇ ಸಾಲವಿಲ್ಲದ ಮತ್ತೊಂದು ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ ಇರಿಸುವುದೇ ವಿವೇಕ. ಕನಿಷ್ಠ ಶಿಲ್ಕಿನ ನಿರ್ಬಂಧವಿಲ್ಲದ ಮೂಲ ಉಳಿತಾಯ ಖಾತೆಯನ್ನು ರಿಸರ್ವ್ ಬ್ಯಾಂಕ್ 2012ರಲ್ಲಿಯೇ ಎಲ್ಲರಿಗೂ ತೆರೆದಿಟ್ಟಿದೆ. ಆದರೆ ಇಲ್ಲೊಂದು ಎಚ್ಚರಿಕೆ. ಅಡಮಾನವಿಟ್ಟ ದಾಸ್ತಾನನ್ನು ಮಾರಿದ ಹಣ ಕ್ಯಾಷ್ ಕ್ರೆಡಿಟ್ ಖಾತೆಗೇ ಹೋಗಬೇಕೆಂಬುದು ಸಾಲಪತ್ರದ ಷರತ್ತು. ಗಲ್ಲೆಯ ಮೇಲಿನ ಯುಪಿಐ ಫಲಕವನ್ನು ರಾತ್ರೋರಾತ್ರಿ ಹೆಂಡತಿಯ ಖಾತೆಗೆ ಬದಲಾಯಿಸುವುದು ಜಾಣತನವಲ್ಲ. ನಾಳೆ ರಿಸೀವರು ಅದನ್ನು ಬಚ್ಚಿಡುವಿಕೆ ಎಂದೇ ಓದುತ್ತಾರೆ. ಪ್ರತಿ ತಿಂಗಳು ನಿಗದಿತ ಮೊತ್ತವನ್ನು ‘ಸ್ವಂತ ಖರ್ಚು’ ಎಂದು ಲೆಕ್ಕದಲ್ಲಿ ಬರೆದು ಬೇರೆ ಖಾತೆಗೆ ಒಯ್ಯುವುದು ಸರಿಯಾದ ಕ್ರಮ. ಆ ಖಾತೆಯನ್ನು ಅರ್ಜಿಯ ಆಸ್ತಿ ಪಟ್ಟಿಯಲ್ಲಿ ಮುಚ್ಚುಮರೆಯಿಲ್ಲದೆ ತೋರಿಸಬೇಕು. ಆಸ್ತಿಯನ್ನೋ ಲೆಕ್ಕಪುಸ್ತಕವನ್ನೋ ಮೋಸದಿಂದ ಮರೆಮಾಚಿದರೆ ಕಲಂ 69ರಂತೆ ಸೆರೆವಾಸವಿದೆ.

ಅರ್ಜಿ ಸಲ್ಲಿಸಿದ ದಿನದ ಮಹತ್ವವನ್ನು ಅನೇಕರು ಅರಿತಿಲ್ಲ. ನ್ಯಾಯಾಲಯವು ದಿವಾಳಿಯೆಂದು ಘೋಷಿಸುವುದು ತಿಂಗಳುಗಳ ನಂತರವಾದರೂ, ಆ ಆದೇಶದ ಪರಿಣಾಮವು ಅರ್ಜಿ ಸಲ್ಲಿಸಿದ ದಿನಕ್ಕೇ ಹಿಂದಕ್ಕೆ ಹೋಗುತ್ತದೆ. ಆ ದಿನದಿಂದ ಖಾತೆಯಲ್ಲಿರುವ ಹಣ ಋಣದಾತರೆಲ್ಲರದು ಎಂದೇ ತಿಳಿಯಬೇಕು. ಹಳೆಯ ಬಾಕಿಗೆ ಚೆಕ್ ಬರೆಯುವುದನ್ನು ಅಂದೇ ನಿಲ್ಲಿಸುವುದು ಲೇಸು. ಅಂದಿನಿಂದ ಬಳಸಿದ ವಿದ್ಯುತ್ತು, ಗ್ಯಾಸ್ ಸಿಲಿಂಡರು, ಹಾಲು, ಔಷಧಿಯ ವಿಷಯ ಹಾಗಲ್ಲ. ಅವು ನಡೆಯುತ್ತಿರುವ ಜೀವನದ ಖರ್ಚು, ಅವುಗಳನ್ನು ಆಯಾ ತಿಂಗಳು ತೀರಿಸುತ್ತಲೇ ಹೋಗಬೇಕು. ಚಾಮುಂಡೇಶ್ವರಿ ವಿದ್ಯುತ್ ನಿಗಮದ ಬಿಲ್ಲು ಬಾಕಿ ಉಳಿದರೆ, 2003ರ ವಿದ್ಯುತ್ ಕಾಯಿದೆಯಂತೆ ಹದಿನೈದು ದಿನಗಳ ನೋಟಿಸು ಕೊಟ್ಟು ಸಂಪರ್ಕ ಕಡಿತಗೊಳಿಸಬಹುದು. ದಿವಾಳಿ ಅರ್ಜಿ ಹಾಕಿದ್ದೇನೆಂದರೆ ಲೈನ್‌ಮನ್ ಕೇಳುವುದಿಲ್ಲ.

ಮನೆಯವರ ಜೀವನಕ್ಕೆ ಕಾನೂನು ಏನನ್ನೂ ಬಿಟ್ಟಿಲ್ಲವೆಂಬುದೂ ಸುಳ್ಳು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60 ಜಪ್ತಿಯಿಂದ ಹೊರಗಿಟ್ಟ ವಸ್ತುಗಳು ರಿಸೀವರ ವಶಕ್ಕೆ ಹೋಗುವುದಿಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಸ್ತ್ರೀಯು ತೆಗೆಯಬಾರದ ಮಾಂಗಲ್ಯ, ಕುಶಲಕರ್ಮಿಯ ಉಪಕರಣಗಳು, ತನ್ನ ಜೀವದ ಮೇಲಿನ ವಿಮಾ ಪಾಲಿಸಿಯ ಹಣ ಇವೆಲ್ಲ ಅದರಲ್ಲಿ ಸೇರಿವೆ. ಬೇಸಾಯವೇ ಜೀವನಾಧಾರವಾದವನ ವಾಸದ ಮನೆಯೂ ಉಳಿಯುತ್ತದೆ. ಪೇಟೆಯ ವರ್ತಕನ ಮನೆಗೆ ಆ ರಕ್ಷಣೆ ಇಲ್ಲ. ಅಡವಿಟ್ಟ ಚಿನ್ನ, ಒತ್ತೆಯಿಟ್ಟ ತೋಟಗಳ ಮೇಲೆ ಸಾಲ ಕೊಟ್ಟವರ ಹಕ್ಕು ಹಾಗೆಯೇ ನಿಲ್ಲುತ್ತದೆ. ಇದೆಲ್ಲಕ್ಕಿಂತ ಮುಖ್ಯವಾದುದು, ವಕೀಲರೂ ಎಷ್ಟೋ ಬಾರಿ ಮರೆಯುವ ಕಲಂ 66. ದಿವಾಳಿಯಾದವನ ಹಾಗೂ ಅವನ ಕುಟುಂಬದ ಪೋಷಣೆಗೆ ಆಸ್ತಿಯಿಂದಲೇ ಭತ್ಯೆ ಕೊಡಿಸಲು ನ್ಯಾಯಾಲಯಕ್ಕೆ ಅದರಡಿ ಅಧಿಕಾರವಿದೆ. ಕೇಳಿದವರಿಗೆ ಮಾತ್ರ ಸಿಗುವ ವಸ್ತುವಿದು. ಮನೆಯ ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಪ್ಪವಾಗಿ ಜೋಡಿಸಿಟ್ಟ ಗೃಹಿಣಿಯು ಇಲ್ಲಿ ಯಾವ ಲೆಕ್ಕಪರಿಶೋಧಕನಿಗೂ ಕಡಿಮೆಯಲ್ಲ.

ಚೆಕ್ಕುಗಳ ವಿಷಯದಲ್ಲಿ ಮಲೆನಾಡಿನ ಉದಾರತೆ ದುಬಾರಿಯಾದುದು. ‘ಭದ್ರತೆಗೆ ಇರಲಿ’ ಎಂದು ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕುಗಳು ಎಷ್ಟು ಪೆಟ್ಟಿಗೆಗಳಲ್ಲಿವೆಯೋ ಕೊಟ್ಟವನಿಗೇ ಗೊತ್ತಿರುವುದಿಲ್ಲ. ಸ್ಟಾಪ್ ಪೇಮೆಂಟ್ ಪತ್ರ ಕೊಟ್ಟರೆ ಸಾಕೆಂಬ ಭ್ರಮೆಯನ್ನು ಸುಪ್ರೀಂ ಕೋರ್ಟ್ 1998ರ ಮೋದಿ ಸಿಮೆಂಟ್ಸ್ ಪ್ರಕರಣದಲ್ಲಿಯೂ, ಖಾತೆ ಮುಚ್ಚಿದರೆ ಸಾಕೆಂಬುದನ್ನು ಮರುವರ್ಷವೂ ತಳ್ಳಿಹಾಕಿತು. ಕಂತಿನ ಹಣ ತಾನಾಗಿಯೇ ಕಡಿತವಾಗುವ ವ್ಯವಸ್ಥೆ ಹಣವಿಲ್ಲದೆ ವಿಫಲವಾದರೂ 2007ರ ಪಾವತಿ ವ್ಯವಸ್ಥೆಗಳ ಕಾಯಿದೆಯ ಕಲಂ 25ರಂತೆ ಅದೇ ಬಗೆಯ ಶಿಕ್ಷೆಯಿದೆ. ಪ್ರತಿ ವಿಫಲ ಯತ್ನಕ್ಕೂ ಬ್ಯಾಂಕಿನ ದಂಡ ಬೇರೆ. ಅರ್ಜಿಗೆ ಮುನ್ನವೇ ಕೊಟ್ಟ ಚೆಕ್ಕುಗಳ ಪಟ್ಟಿ ಮಾಡಿ, ಆದಷ್ಟನ್ನು ಹಿಂಪಡೆದು, ಸಾಲ ಕೊಟ್ಟವರೊಡನೆ ಲಿಖಿತವಾಗಿ ವ್ಯವಹರಿಸಬೇಕು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದರ ಮೇಲೆ ಅಪೀಲೂ ಇಲ್ಲ, ಅಲೆದಾಟವೂ ಇಲ್ಲ.

ಭಾವನೆಗೆ ಸಂಬಂಧಿಸಿದ ತಪ್ಪು ಇನ್ನೊಂದು. ಮುಳುಗುವ ವರ್ತಕನು ಮೊದಲು ತೀರಿಸುವುದು ಭಾವಮೈದುನನ ಕೈಸಾಲವನ್ನು, ಕೊನೆಗೆ ನೆನೆಯುವುದು ಚೀಲ ಹಾಕಿಹೋದ ಸಣ್ಣ ಬೆಳೆಗಾರನನ್ನು. ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಒಬ್ಬ ಋಣದಾತನಿಗೆ ಉಳಿದವರಿಗಿಂತ ಅನುಕೂಲವಾಗಲೆಂದೇ ಮಾಡಿದ ಪಾವತಿಯನ್ನು ಕಲಂ 54ರಂತೆ ರದ್ದುಪಡಿಸಬಹುದು. ಮೌಲ್ಯ ಪಡೆಯದೆ ಎರಡು ವರ್ಷಗಳೊಳಗೆ ಮಾಡಿದ ವರ್ಗಾವಣೆಗೂ ಕಲಂ 53 ಅಡ್ಡ ಬರುತ್ತದೆ. ಬಂಧುವಿಗೆ ಉಪಕಾರ ಮಾಡಿದೆನೆಂದುಕೊಂಡವನು ಅವನನ್ನೇ ನ್ಯಾಯಾಲಯದ ಮೆಟ್ಟಿಲು ಹತ್ತಿಸಿದಂತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಕಾಯಿದೆ ಈ ಕಾಲಕ್ಕೆ ತಕ್ಕುದೆಂದು ಯಾರೂ ವಾದಿಸಲಾರರು. ಆಳುಕಾಳುಗಳ ಕೂಲಿಗೆ ಆದ್ಯತೆ ಕೊಡುವ ಕಲಂ 61ರ ಮೂಲ ಪಾಠವನ್ನು ತೆರೆದರೆ, ನಾಲ್ಕು ತಿಂಗಳ ದುಡಿಮೆಗೆ ತಲಾ ಇಪ್ಪತ್ತು ರೂಪಾಯಿ ಎಂಬ ಮಿತಿ ಕಣ್ಣಿಗೆ ಬೀಳುತ್ತದೆ. 1920ರಲ್ಲಿ ಅದು ಕೂಲಿಯಾಗಿತ್ತು. ಇಂದು ಸಂತೆಬೀದಿಯಲ್ಲಿ ಒಂದು ಕಾಫಿ, ಒಂದು ವಡೆಗೂ ಸಾಲದು. ಇಡೀ ವ್ಯವಸ್ಥೆಯ ಅತ್ಯಂತ ದುರ್ಬಲ ಋಣದಾತನಾದ ಗೋದಾಮಿನ ಹಮಾಲನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರಿಲ್ಲ. ಹೊಸ ಕೋಡಿನ ಮೂರನೆಯ ಭಾಗದಲ್ಲಿ ಉಪಕರಣ, ಪೀಠೋಪಕರಣ, ವಾಸದ ಮನೆಗಳಿಗೆ ಇಂದಿನ ಕಾಲಕ್ಕೆ ಹತ್ತಿರವಾದ ರಕ್ಷಣೆಗಳಿವೆ. 2016ರಲ್ಲಿ ಸಂಸತ್ತು ಒಪ್ಪಿದ ಅಧ್ಯಾಯವನ್ನು ಜಾಮೀನುದಾರರಿಗೆ ಮಾತ್ರ ತೆರೆದು ಸಾಮಾನ್ಯ ವರ್ತಕನಿಗೆ ಮುಚ್ಚಿಟ್ಟಿರುವುದಕ್ಕೆ ಸಮರ್ಥನೆ ಕಾಣದು. ಆದರೆ ಅದರ ‘ಹೊಸ ಆರಂಭ’ ಪ್ರಕ್ರಿಯೆಯು ವಾರ್ಷಿಕ ಆದಾಯ ಅರವತ್ತು ಸಾವಿರ, ಸಾಲ ಮೂವತ್ತೈದು ಸಾವಿರ ಮೀರದವರಿಗೆ ಮಾತ್ರ. ಜಾರಿಗೊಳಿಸುವಾಗ ಆ ಮಿತಿಗಳನ್ನೂ ಏರಿಸಬೇಕಾಗುತ್ತದೆ. ವಾಣಿಜ್ಯ ಸಂಸ್ಥೆಗಳು ತೆರಿಗೆಯ ವಿಷಯದಲ್ಲಿ ಸಲ್ಲಿಸುವಷ್ಟೇ ಮನವಿಗಳನ್ನು ಈ ವಿಷಯದಲ್ಲಿಯೂ ಸಲ್ಲಿಸಬೇಕು.

ಅಲ್ಲಿಯವರೆಗೆ ಇರುವುದರಲ್ಲಿಯೇ ದಾರಿ ಕಂಡುಕೊಳ್ಳಬೇಕಾಗಿದೆ. ವ್ಯಾಪಾರದ ಜೊತೆ ತೋಟವನ್ನೂ ಹೊಂದಿದವರು ಅರ್ಜಿಯ ಕಾಲವನ್ನು ಯೋಚಿಸಿಯೇ ನಿಶ್ಚಯಿಸುವುದು ಒಳಿತು. ಮಳೆಗೆ ಮುಂಚೆ ಬೋರ್ಡೋ ಸಿಂಪಡಣೆ ತಪ್ಪಿದರೆ, ನೆರಳಿನ ಕೊಂಬೆ ಸವರದೆ ಬಿಟ್ಟರೆ, ಮುಂದಿನ ಬೆಳೆಯೇ ಇಲ್ಲ; ರಿಸೀವರು ಹಾಸನದಿಂದ ಬಂದು ಗಿಡ ನೋಡುವವರೆಗೆ ಕೊಳೆರೋಗ ಕಾಯುವುದಿಲ್ಲ. ದಿವಾಳಿಯಾದವನನ್ನೇ ಆಸ್ತಿಯ ಮೇಲ್ವಿಚಾರಣೆಗೆ ನೇಮಿಸಲು ಕಲಂ 66ರಲ್ಲಿಯೇ ಅವಕಾಶವಿದೆ. ಕುಟುಂಬದ ಭತ್ಯೆಯೊಂದಿಗೆ ಈ ಕೋರಿಕೆಯನ್ನೂ, ಆಳುಗಳ ವಾರದ ಬಟವಾಡೆಯ ಅಂದಾಜನ್ನೂ ಮೊದಲ ದಿನವೇ ಲಿಖಿತವಾಗಿ ಸಲ್ಲಿಸಿದರೆ, ನ್ಯಾಯಾಧೀಶರ ಮುಂದೆ ತೋಟದ ಲೆಕ್ಕವೂ ಅಡುಗೆಮನೆಯ ಲೆಕ್ಕವೂ ಒಟ್ಟಿಗೇ ಇರುತ್ತವೆ.